ಮುದ್ದೆಯನ್ನು ತೂಕಕ್ಕಿಟ್ಟ ಸಂಜೆ

ಮಂಡ್ಯ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಆಹಾರತಜ್ಞೆಯಾಗಿ ಸೇರಿದ ಮೊದಲ ವರ್ಷಗಳಲ್ಲಿ ಸಕ್ಕರೆ ಕಾಯಿಲೆಯವರಿಗೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು: ಅನ್ನ ಬಿಡಿ, ಮುದ್ದೆ ತಿನ್ನಿ. ಆ ಸಲಹೆ ಅರ್ಧಂಬರ್ಧವೆಂದು ನನಗೆ ತೋರಿಸಿಕೊಟ್ಟವರು ಅರವತ್ತು ದಾಟಿದ ಒಬ್ಬ ರೈತರು. ಊಟವಾಗಿ ಎರಡು ಗಂಟೆಯ ಮೇಲೆ ನೋಡಿದರೆ ಅವರ ರಕ್ತದ ಸಕ್ಕರೆ 260ರ ಆಸುಪಾಸಿನಿಂದ ಇಳಿಯುತ್ತಲೇ ಇರಲಿಲ್ಲ. "ಅನ್ನದ ಒಂದಗುಳೂ ಮುಟ್ಟಿಲ್ಲ ಮೇಡಮ್ಮೋರೇ" ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ಬೆಳಿಗ್ಗೆ ಒಂದು ಚೊಂಬು ರಾಗಿ ಗಂಜಿ, ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ಮತ್ತೆರಡು.

ಮುದ್ದೆ ಎಷ್ಟು ದಪ್ಪವೆಂದು ಅವರು ಎರಡು ಅಂಗೈ ಜೋಡಿಸಿ ತೋರಿಸಿದ್ದರು. ಆ ಸಂಜೆ ಮನೆಯಲ್ಲಿ 120 ಗ್ರಾಂ ಹಿಟ್ಟು ಅಳೆದು, ಎಸರು ಕುದಿದ ಮೇಲೆ ಹಾಕಿ, ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟಿ ತೂಕಕ್ಕಿಟ್ಟೆ: 380 ಗ್ರಾಂ. ಅವರು ತೋರಿಸಿದ ಗಾತ್ರ ಹೆಚ್ಚುಕಡಿಮೆ ಅದೇ. ನೂರು ಗ್ರಾಂ ರಾಗಿಯಲ್ಲಿ ಕಾರ್ಬೋಹೈಡ್ರೇಟ್, ಅಂದರೆ ಬಹುಪಾಲು ಪಿಷ್ಟ, ಸುಮಾರು 67 ಗ್ರಾಂ ಇರುವುದರಿಂದ ಆ ಒಂದು ಮುದ್ದೆಯಲ್ಲಿ 80 ಗ್ರಾಂ, ಗ್ರಾಮಿಗೆ 4 ಕಿಲೋಕ್ಯಾಲರಿಯ ಲೆಕ್ಕದಲ್ಲಿ 320 ಕಿಲೋಕ್ಯಾಲರಿ. ಎರಡು ಮುದ್ದೆಯೆಂದರೆ ಒಂದೇ ಹೊತ್ತಿಗೆ 160 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಸೂಚಿಸಿರುವುದು ಇಡೀ ದಿನಕ್ಕೆ 130 ಗ್ರಾಂ.

ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ 78 ಗ್ರಾಮಿನಷ್ಟು. ರಾಗಿಯಲ್ಲಿ ನಾರಿನಂಶ ಅದಕ್ಕಿಂತ ಬಹಳ ಹೆಚ್ಚು, ಕ್ಯಾಲ್ಸಿಯಂ ಅಂತೂ ಹೋಲಿಕೆಗೇ ಸಿಗದು. ರಾಗಿಯ ಮೇಲಿನ ನನ್ನ ಗೌರವವೇನೂ ಕಡಿಮೆಯಾಗಿಲ್ಲ. ಆದರೆ ಪಿಷ್ಟ ಯಾವ ಧಾನ್ಯದ್ದಾದರೂ ಅದು ಗ್ಲೂಕೋಸಿನ ಸರಪಳಿಯೇ, ಕರುಳಿನಲ್ಲಿ ಬಿಡಿಬಿಡಿಯಾಗಿ ರಕ್ತ ಸೇರುವುದೂ ಗ್ಲೂಕೋಸಾಗಿಯೇ. ಇದನ್ನು ನಂಬಿಸಲು ನಾನು ಒಂದು ತುತ್ತು ಬರೀ ಅನ್ನ ಕೊಟ್ಟು ನುಂಗದೆ ಎರಡು ನಿಮಿಷ ಅಗಿಯಲು ಹೇಳುತ್ತೇನೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ನಾಲಗೆಗೆ ಸಿಹಿ ಹತ್ತುತ್ತದೆ. ಮುದ್ದೆಯನ್ನು ನಾವು ಅಗಿಯದೆ ನುಂಗುವವರಾದ್ದರಿಂದ ಈ ಸಿಹಿ ನಮಗೆ ಗೊತ್ತೇ ಆಗುವುದಿಲ್ಲ, ಆದರೆ ಸಣ್ಣ ಕರುಳಿನಲ್ಲಿ ಮೇದೋಜೀರಕ ರಸ ಆ ಕೆಲಸವನ್ನು ಪೂರೈಸುತ್ತದೆ. ಗಂಜಿಯಲ್ಲಂತೂ ನುಣ್ಣಗೆ ಬೀಸಿದ ಹಿಟ್ಟು ನೀರಿನಲ್ಲಿ ಬೆಂದು ಸಡಿಲವಾಗಿರುವುದರಿಂದ ಜೀರ್ಣರಸಕ್ಕೆ ಅಡ್ಡಿಯೇ ಇರುವುದಿಲ್ಲ.

ರೈತರಿಗೆ ಹೊತ್ತಿಗೆ 200 ಗ್ರಾಮಿನ ಒಂದೇ ಮುದ್ದೆಯನ್ನು ಗೊತ್ತುಮಾಡಿ, ತಟ್ಟೆಯಲ್ಲಿ ಖಾಲಿಯಾದ ಜಾಗಕ್ಕೆ ಸೊಪ್ಪು, ಹುರುಳಿ ಅಥವಾ ಅವರೆಕಾಳಿನ ಸಾರನ್ನು ಗಟ್ಟಿಯಾಗಿ ಬಡಿಸಲು ಅವರ ಮನೆಯವರಿಗೆ ಹೇಳಿದೆ. ಬೆಳಗಿನ ಗಂಜಿಯ ಬದಲು ಮೊಳಕೆಕಾಳು ಬಂತು. ಮೂರು ತಿಂಗಳಿಗೆ ಊಟದ ನಂತರದ ಸಕ್ಕರೆ 180ಕ್ಕೆ ಇಳಿಯಿತು. ನಡುವೆ ವೈದ್ಯರು ಮಾತ್ರೆಯನ್ನೂ ಬದಲಿಸಿದ್ದರು, ಆದ್ದರಿಂದ ಪೂರ್ತಿ ಕೀರ್ತಿಯನ್ನು ಮುದ್ದೆಯ ಗಾತ್ರಕ್ಕೆ ಕೊಡಲಾರೆ. ಹೊಲದ ಕೆಲಸ ಹೆಚ್ಚಿರುವ ದಿನಗಳಲ್ಲಿ ಇಷ್ಟು ಸಾಲದೆಂದು ಅವರು ತಕರಾರು ತೆಗೆದದ್ದೂ ನ್ಯಾಯವೇ ಆಗಿತ್ತು, ಏಕೆಂದರೆ ದುಡಿಯುವ ಸ್ನಾಯುಗಳು ಗ್ಲೂಕೋಸನ್ನು ತಾವೇ ಎಳೆದುಕೊಳ್ಳುತ್ತವೆ. ನಾಟಿ, ಕೊಯ್ಲಿನ ದಿನಗಳಿಗೆಂದು ಅರ್ಧ ಮುದ್ದೆ ಹೆಚ್ಚಿಗೆ ಬರೆದುಕೊಟ್ಟೆ. ಅವರ ಮನೆಯಲ್ಲಿ ಈಗ ಮುದ್ದೆ ಕಟ್ಟುವ ಮೊದಲು ಹಿಟ್ಟನ್ನು ಒಂದು ಸ್ಟೀಲ್ ಬಟ್ಟಲಿನಲ್ಲಿ ಅಳೆಯುತ್ತಾರೆ. ಅದರ ಒಳಗೆ ಉಗುರುಬಣ್ಣದಲ್ಲಿ ಗೆರೆ ಹಾಕಿದವಳು ಅವರ ಮೊಮ್ಮಗಳು.