ಫರಸಿ ಖಡಿ ತೆಗೆದ ಮೇಲೆ ನೀರು ಹದಕ್ಕೆ ಬಂತು

ಚಿತ್ತಾಪುರದ ಸಮೀಪದ ನಮ್ಮ ಹೊಲದಲ್ಲಿ ಎರಡೂವರೆ ಸಾವಿರ ಲೀಟರಿನ ತೊಟ್ಟಿಯಲ್ಲಿ ಗೆಂಡೆ ಮೀನನ್ನೂ, ಅದೇ ನೀರು ಹರಿಯುವ ಖಡಿಯ (ಜಲ್ಲಿಕಲ್ಲಿನ) ಮಡಿಗಳಲ್ಲಿ ಪುಂಡಿಪಲ್ಯ, ಮೆಂತ್ಯೆ, ಟೊಮೆಟೊಗಳನ್ನೂ ಬೆಳೆಯಲು ಹೊರಟಾಗ, "ಆ ರೊಕ್ಕದಾಗ ಒಂದು ಎಮ್ಮಿ ಬರ್ತಿತ್ತಲ್ಲೋ" ಎಂದು ಕಾಕಾ ನಕ್ಕಿದ್ದರು. ಮೊದಲ ವರ್ಷ ಅವರ ಮಾತೇ ಗೆದ್ದಿತು. ನೂರಿಪ್ಪತ್ತು ಮರಿಗಳಲ್ಲಿ ಎಪ್ಪತ್ತರಷ್ಟು ಸತ್ತವು. ಸುಮಾರು 40,000 ರೂಪಾಯಿ ನೀರಿಗೇ ಹೋಯಿತು.

ತಪ್ಪು ನನ್ನದೇ. ನೆಲಕ್ಕೆ ಹಾಸುವ ಶಹಾಬಾದಿ ಫರಸಿಯ ಚೂರು ನಮ್ಮಲ್ಲಿ ಬರಿಯ ಸಾಗಣೆ ಖರ್ಚಿಗೆ ಸಿಗುತ್ತದೆಂದು ಮಡಿಗಳಿಗೆ ಅದನ್ನೇ ತುಂಬಿಸಿದ್ದೆ. ಅದು ಸುಣ್ಣದ ಕಲ್ಲೆಂಬುದು ಸಿಮೆಂಟ್ ಕಾರ್ಖಾನೆಗಳ ನಡುವೆ ಬೆಳೆದ ನನಗೆ ಹೊಳೆಯದೆ ಹೋದದ್ದನ್ನು ಹೇಳಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ. ಫಾಸ್ಫಾರಿಕ್ ಆಮ್ಲ ಹಾಕಿದ ಸಂಜೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ; 7ರಿಂದ ಮೇಲೆ ಹೋದಷ್ಟೂ ಕ್ಷಾರ) 7.2ಕ್ಕೆ ಇಳಿದರೆ ಮರುದಿನ ಬೆಳಗಾಗುವಷ್ಟರಲ್ಲಿ ಮತ್ತೆ 8.3ಕ್ಕೆ ಏರಿರುತ್ತಿತ್ತು. ಮೀನಿನ ಹೊಲಸಿನಿಂದ ಬರುವ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಸುಪಾಸಿನಲ್ಲಿತ್ತು. ಪಿಎಚ್ 7ರಲ್ಲಿ ಮೀನು ಹೇಗೋ ತಾಳಿಕೊಳ್ಳುವ ಅಷ್ಟೇ ಅಮೋನಿಯಾ, 8 ದಾಟಿದ ಬೇಸಿಗೆಯ ನೀರಿನಲ್ಲಿ ಹತ್ತಾರು ಪಟ್ಟು ವಿಷವಾಗುತ್ತದೆ. ಯಾರೋ ಹೇಳಿದರೆಂದು ನಿಂಬೆಹುಳಿಯ ಪುಡಿಯನ್ನೂ ಹಾಕಿ ನೋಡಿದೆ. ಪಿಎಚ್ ನಿಲ್ಲಲಿಲ್ಲ, ಆದರೆ ಅಮೋನಿಯಾವನ್ನು ಗಿಡಕ್ಕೆ ಗೊಬ್ಬರವಾಗುವ ನೈಟ್ರೇಟ್ ಮಾಡಲೆಂದು ಖಡಿಯಲ್ಲಿ ಕಷ್ಟಪಟ್ಟು ಕೂಡಿಸಿದ್ದ ಬ್ಯಾಕ್ಟೀರಿಯಾಕ್ಕೆ ಪೆಟ್ಟು ಬಿದ್ದು ಅಮೋನಿಯಾ ಇಮ್ಮಡಿಯಾಯಿತು. ಇತ್ತ ಪುಂಡಿಯ ಚಿಗುರೆಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾದವು. ಅದು ಕಬ್ಬಿಣದ ಕೊರತೆ; ಅದಕ್ಕೆ ತಂದ ಇಡಿಟಿಎ ಎಂಬ ಕಬ್ಬಿಣದ ಗೊಬ್ಬರ ಆ ಪಿಎಚ್‌ನಲ್ಲಿ ಕೆಲಸಕ್ಕೇ ಬರಲಿಲ್ಲ. ಹೆಚ್ಚಿನ ಪಿಎಚ್‌ನಲ್ಲೂ ಕೆಲಸ ಮಾಡುವ, ಆದರೆ ತುಟ್ಟಿಯಾದ ಇನ್ನೊಂದು ಕಬ್ಬಿಣದ ಗೊಬ್ಬರ ಇಡಿಡಿಎಚ್‌ಎ ಹಾಕಿದಾಗ ನೀರು ಕೆಂಪಾಯಿತು, ಎಲೆಯೂ ಹಸಿರಾಯಿತು. ಮೀನುಗಳ ಸಾವು ಮಾತ್ರ ನಿಲ್ಲಲಿಲ್ಲ.

ಕೊನೆಗೊಂದು ದಿನ ಖಡಿಯ ನಾಲ್ಕು ಚೂರುಗಳನ್ನು ವಿನೆಗರ್‌ನಲ್ಲಿ ಹಾಕಿ ನೋಡಿದಾಗ ಸೋಡಾದಂತೆ ನೊರೆ ಎದ್ದಿತು; ನಾನು ಹಾಕಿದ ಆಮ್ಲವನ್ನೆಲ್ಲ ತಿನ್ನುತ್ತಿದ್ದದ್ದು ಈ ಸುಣ್ಣವೇ. ಆ ವಾರವೇ ಮಡಿಗಳನ್ನು ಬರಿದು ಮಾಡಿಸಿ ಆಳಂದ ಕಡೆಯ ಕರಿಕಲ್ಲಿನ ಖಡಿ ತರಿಸಿದೆ. ಕೂಲಿ, ಟ್ರ್ಯಾಕ್ಟರ್ ಸೇರಿ ಹನ್ನೊಂದು ಸಾವಿರದಷ್ಟಾಯಿತು. ಸುಣ್ಣದಂಶವಿರುವ ಬೋರಿನ ನೀರನ್ನು ನೇರವಾಗಿ ತೊಟ್ಟಿಗೆ ಬಿಡುವುದನ್ನೂ ನಿಲ್ಲಿಸಿದೆ. ಮಾಳಿಗೆಯ ಮಳೆನೀರನ್ನು ಪ್ಲಾಸ್ಟಿಕ್ ಟಾಕಿಯಲ್ಲಿ ಹಿಡಿದಿಟ್ಟು, ಅದು ಮುಗಿದಾಗ ಮಾತ್ರ ಬೋರಿನ ನೀರನ್ನು ಬೇರೆ ಡ್ರಮ್ಮಿನಲ್ಲಿ ಆಮ್ಲ ಬೆರೆಸಿ, ಎರಡು ದಿನ ಗಾಳಿಯಾಡಿಸಿದ ಮೇಲೆ ಸೇರಿಸುತ್ತೇನೆ. ಮೇ ತಿಂಗಳಲ್ಲಿ ತೊಟ್ಟಿಯ ಮೇಲೆ ತೊಗರಿ ಕಟ್ಟಿಗೆಯ ಚಪ್ಪರವಿರುತ್ತದೆ, ಬ್ಯಾಟರಿಯ ಗಾಳಿ ಪಂಪು ರಾತ್ರಿಯಿಡೀ ನಡೆಯುತ್ತದೆ, ನೀರು 33 ಡಿಗ್ರಿ ದಾಟಿದ ದಿನ ಮೀನಿಗೆ ಮೇವಿಲ್ಲ.

ನಡುವೆ ಅರ್ಧ ಮೇವಿನ ಬದಲು ಅಝೋಲಾ (ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಸಸ್ಯ) ಹಾಕಿ ನೋಡಿದ್ದುಂಟು. ಮೀನು ತಿಂದವು, ಆದರೆ ತೂಕ ಬರಲಿಲ್ಲ. ಈಗ ಅದು ಕೋಳಿಗಳ ಪಾಲಾಗಿದೆ.

ಕಳೆದ ಸಲ ಎಂಬತ್ತು ಮೀನುಗಳಿಂದ 45 ಕಿಲೋ ಹತ್ತಿರ ಬಂತು, ಪುಂಡಿಪಲ್ಯಕ್ಕೆ ಲೆಕ್ಕವೇ ಇಟ್ಟಿಲ್ಲ. ಈಗಿನ ತೊಂದರೆ ತದ್ವಿರುದ್ಧವಾದದ್ದು. ಬ್ಯಾಕ್ಟೀರಿಯಾ ತನ್ನ ಕೆಲಸ ಮಾಡುತ್ತ ಹೋದಂತೆ ಆಮ್ಲ ಹುಟ್ಟಿ ಪಿಎಚ್ ತಾನಾಗಿಯೇ 6.4ಕ್ಕೆ ಜಾರುತ್ತದೆ. ಆಗ ಎಸೆಯದೆ ಇಟ್ಟುಕೊಂಡಿದ್ದ ಅದೇ ಫರಸಿ ಚೂರನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ನೀರಿಗೆ ಇಳಿಬಿಡುತ್ತೇನೆ, 7 ಆದೊಡನೆ ಎತ್ತಿಬಿಡುತ್ತೇನೆ. ಎಷ್ಟು ತೂಕದ ಚೀಲ, ಅದನ್ನು ತೊಟ್ಟಿಯ ಯಾವ ಮೂಲೆಯಲ್ಲಿ ಕಟ್ಟಬೇಕು ಎಂಬುದನ್ನು ಕಾಕಾಗೂ ಹೇಳಿಲ್ಲ. ಅವರೀಗ ವಾರಕ್ಕೊಮ್ಮೆ ಮೀನಿಗೆಂದು ಬರುತ್ತಾರೆ.