ಬಝರ್ ಕಟ್ಟಿ ಹಿಡಿದ ಟೇಲ್ ಲೈಟ್ ದೋಷ: ನನ್ನ ಅನುಭವ

ನನ್ನ ಹಳೆಯ ಕಾರಿನ ಎಡಬದಿಯ ಟೇಲ್ ಲೈಟ್ ಸುಮಾರು ಎಂಟು ತಿಂಗಳ ಕಾಲ ತನ್ನಿಷ್ಟದಂತೆ ಉರಿದು ಆರುತ್ತಿತ್ತು. ರಾತ್ರಿ ಹಿಂದೆ ಬರುತ್ತಿದ್ದ ಗೆಳೆಯರು ಅದು ಆರಿದ್ದನ್ನು ಕಂಡು ಹೇಳುತ್ತಿದ್ದರು. ನಾನು ಗಾಡಿ ನಿಲ್ಲಿಸಿ ಇಳಿದು ನೋಡುವ ಹೊತ್ತಿಗೆ ಏನೂ ನಡೆದೇ ಇಲ್ಲವೆಂಬಂತೆ ಅದು ಉರಿಯುತ್ತಿತ್ತು. ಕೊನೆಗೆ ಅದನ್ನು ಹಿಡಿದದ್ದು ಕರೆಂಟ್ ಸಿಕ್ಕೊಡನೆ ಕೂಗುವ, ಒಂದು ಬಲ್ಬಿಗಿಂತಲೂ ಅಗ್ಗದ ಬಝರಿನಿಂದ. ಆ ಉಪಾಯವನ್ನು ಕೇಳಿ ನಕ್ಕವರು ಒಬ್ಬಿಬ್ಬರಲ್ಲವಾದ್ದರಿಂದ ನಡೆದದ್ದನ್ನು ನಡೆದಂತೆಯೇ ಬರೆದಿಡುತ್ತಿದ್ದೇನೆ.

ಮೊದಲು ಹಾಳುಮಾಡಿಕೊಂಡ ಹಣದ ಲೆಕ್ಕ. ಬಲ್ಬ್ ಕೂರುವ ಹೋಲ್ಡರಿನ ಪಟ್ಟಿ ಸಡಿಲವಾಗಿರಬೇಕೆಂದು ಇಡೀ ಟೇಲ್ ಲೈಟ್ ಅಸೆಂಬ್ಲಿಯನ್ನೇ ಬದಲಿಸಿದೆ. ಹಳೆಯದರಲ್ಲಿ ಯಾವ ದೋಷವೂ ಇರಲಿಲ್ಲ, ಅದು ಈಗಲೂ ನನ್ನ ಅಟ್ಟದ ಮೇಲಿದೆ. ಬಳಿಕ ಸ್ಟಿಯರಿಂಗ್ ಬಳಿಯ ಲೈಟ್ ಸ್ವಿಚ್ ಬದಲಾಯಿತು. ಅದೂ ವ್ಯರ್ಥವೆಂದು ನನಗೆ ಮೊದಲೇ ಹೊಳೆಯಬೇಕಿತ್ತು, ಏಕೆಂದರೆ ಸ್ವಿಚ್ಚಿನ ದೋಷವಾಗಿದ್ದರೆ ಎರಡೂ ಬದಿಯ ದೀಪಗಳು ಒಟ್ಟಿಗೇ ಆರಬೇಕಿತ್ತು. ನಾಲ್ಕು ಬಲ್ಬುಗಳನ್ನೂ ಮೂರು ಬಾರಿ ಕೊಟ್ಟ ಕೂಲಿಯನ್ನೂ ಸೇರಿಸಿದರೆ ಒಂದು ಒಳ್ಳೆಯ ಬ್ಯಾಟರಿಯನ್ನು ಕೊಂಡು ಚಿಲ್ಲರೆ ಉಳಿಸಿಕೊಳ್ಳುವಷ್ಟು ಹಣ ಹೋಗಿತ್ತು.

ಕೇಳಿದವರೆಲ್ಲರೂ ಹೇಳಿದ್ದು ಒಂದೇ ಮಾತು: ಅರ್ತ್ ನೋಡು, ಅಂದರೆ ಬಲ್ಬಿನಿಂದ ಕರೆಂಟ್ ಕಾರಿನ ಬಾಡಿಗೆ ಮರಳುವ ಸಂಪರ್ಕವನ್ನು ನೋಡು. ಅದು ಹಳೆಯ ಕಾರುಗಳ ಸಾಮಾನ್ಯ ರೋಗವೆಂಬುದನ್ನು ನಾನೂ ಬಲ್ಲೆ. ಅರ್ತ್ ಬಿಂದುವನ್ನು ಎರಡು ಬಾರಿ ಉಜ್ಜಿ ಬೋಲ್ಟ್ ಬಿಗಿದೆ, ಮೂರನೆಯ ಬಾರಿ ಬೇರೆಯೇ ಒಂದು ಅರ್ತ್ ವೈರ್ ಎಳೆದೆ. ದೀಪ ಮಾತ್ರ ಹಿಂದಿನಂತೆಯೇ ಆರುತ್ತಿತ್ತು. ನನಗೆ ಅನುಮಾನವಿದ್ದುದು ಬೇರೆ ಕಡೆಯಲ್ಲಿ. 21/5 ವಾಟ್ ಬಲ್ಬಿನೊಳಗೆ ಉರಿಯುವ ತಂತಿಗಳು ಎರಡು, ಬ್ರೇಕಿಗೆ 21 ವಾಟಿನದು, ಟೇಲ್ ಲೈಟಿಗೆ 5 ವಾಟಿನದು; ಎರಡಕ್ಕೂ ಅರ್ತ್ ಒಂದೇ. ಅದು ಕಡಿದರೆ ಮೊದಲು ಕೆಡುವುದು ಬ್ರೇಕ್ ಲೈಟು. ಬ್ರೇಕ್ ಒತ್ತದಿರುವಾಗ ಟೇಲ್ ಲೈಟಿನ ಕರೆಂಟ್ ಬ್ರೇಕಿನ ತಂತಿಯ ಮೂಲಕ ಆಚೆ ಬದಿಯ ಬಲ್ಬಿಗೆ ಹರಿದು ಹೇಗೋ ದಾರಿ ಮಾಡಿಕೊಳ್ಳುತ್ತದೆ. ನನ್ನ ಕಾರಿನಲ್ಲಿ ಬ್ರೇಕ್ ಲೈಟಾಗಲಿ ಇಂಡಿಕೇಟರಾಗಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದೇ ಫ್ಯೂಸಿನಿಂದ ಹೋಗುವ ಮುಂದಿನ ಎಡ ಪಾರ್ಕಿಂಗ್ ದೀಪವೂ ಆರುತ್ತಿರಲಿಲ್ಲ. ಹಾಗಾದರೆ ಕಡಿತವು ಫ್ಯೂಸಿನಿಂದ ಹಿಂದಕ್ಕೆ ಕರೆಂಟ್ ಒಯ್ಯುವ ಫೀಡ್ ವೈರಿನಲ್ಲೇ ಇರಬೇಕೆಂದು ನಾನು ವಾದಿಸಿದೆ. ಅನುಭವಿ ಎಲೆಕ್ಟ್ರಿಷಿಯನ್ ಒಬ್ಬರು ಮೀಟರ್ ಹಿಡಿದು, ಹೋಲ್ಡರಿನಲ್ಲಿ 12 ವೋಲ್ಟ್ ಬರುತ್ತಿರುವಾಗ ಫೀಡ್ ಹೇಗೆ ಕೆಟ್ಟಿರಲು ಸಾಧ್ಯ ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದರು.

ದೀಪ ಉರಿಯುತ್ತಿರುವಾಗ ಫ್ಯೂಸಿನಿಂದ ಹೋಲ್ಡರಿನವರೆಗಿನ ವೋಲ್ಟೇಜ್ ಡ್ರಾಪ್, ಅಂದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್ ಕೂಡ ನೋಡಿದ್ದೆ. ಸುಮಾರು 0.2 ವೋಲ್ಟ್ ಬಂತು; ಅಷ್ಟು ಹಳೆಯ ವೈರಿಂಗಿಗೆ ಅದು ದೋಷವೆನ್ನುವಂಥದ್ದಲ್ಲ. ನಿಂತ ಗಾಡಿಯಲ್ಲಿ ವೈರುಗಳನ್ನು ಅಲುಗಾಡಿಸಿದೆ, ಡಿಕ್ಕಿಯ ಕೀಲಿನ ಬಳಿ ಎಳೆದು ನೋಡಿದೆ, ಹೇರ್ ಡ್ರೈಯರಿನಿಂದ ಬಿಸಿಯೂ ಕೊಟ್ಟೆ, ಏನೂ ಆಗಲಿಲ್ಲ. ಓಡುವಾಗ ಮಾತ್ರ ಬರುವ ದೋಷವನ್ನು ಓಡುವಾಗಲೇ ಹಿಡಿಯಬೇಕಿತ್ತು, ಆದರೆ ಚಾಲಕನಿಗೆ ತನ್ನ ಟೇಲ್ ಲೈಟ್ ಕಾಣುವುದಿಲ್ಲವಲ್ಲ.

ನಾನು ಮಾಡಿದ ಉಪಾಯ ಇಷ್ಟೇ. ಅನುಮಾನವಿರುವ ವೈರಿನ ಎರಡು ತುದಿಗಳಿಗೆ ಅಡ್ಡಲಾಗಿ, ತೀರ ಕಡಿಮೆ ಕರೆಂಟಿನಲ್ಲೇ ಕೂಗುವ ಒಂದು ಪೀಜೋ ಬಝರ್ ಕಟ್ಟಿ ಅದನ್ನು ಡ್ಯಾಶ್‌ಬೋರ್ಡಿನ ಕೆಳಗೆ ಇಟ್ಟುಕೊಂಡೆ. ಪ್ಲಸ್ ಫ್ಯೂಸಿನ ಕಡೆಗೆ, ಮೈನಸ್ ಬಲ್ಬಿನ ಕಡೆಗೆ. ವೈರ್ ಸರಿಯಿರುವಷ್ಟು ಹೊತ್ತು ಎರಡು ತುದಿಗಳ ನಡುವೆ ಹೇಳಿಕೊಳ್ಳುವಷ್ಟು ವೋಲ್ಟೇಜ್ ಇರುವುದಿಲ್ಲವಾದ್ದರಿಂದ ಬಝರ್ ಸುಮ್ಮನಿರುತ್ತದೆ; ವೈರ್ ಕಡಿದ ಕ್ಷಣದಲ್ಲಿ ಬಲ್ಬಿನ ತಂತಿಯ ಮೂಲಕವೇ ಅರ್ತ್ ಸಿಕ್ಕಿ ಇಡೀ 12 ವೋಲ್ಟ್ ಬಝರಿನ ಮೇಲೆ ಬಿದ್ದು ಅದು ಕೂಗುತ್ತದೆ. ಅರ್ತ್ ಎಂದು ಹಟ ಹಿಡಿದವರ ಸಮಾಧಾನಕ್ಕಾಗಿ ಬೇರೆ ಸ್ವರದ ಇನ್ನೊಂದು ಬಝರನ್ನು ಹೋಲ್ಡರಿನ ಅರ್ತ್‌ಗೂ ಕಾರಿನ ಬಾಡಿಗೂ ನಡುವೆ ಕಟ್ಟಿದೆ. ಅದು ಕೊನೆಯವರೆಗೂ ತುಟಿ ಬಿಚ್ಚಲಿಲ್ಲ. ಈ ಎರಡನೆಯದನ್ನು ಕಟ್ಟುವವರು ಆಗಾಗ ಬ್ರೇಕ್ ಒತ್ತುತ್ತಿರಬೇಕು, ಇಲ್ಲದಿದ್ದರೆ ಮೇಲೆ ಹೇಳಿದ ಅಡ್ಡದಾರಿಯಿಂದಾಗಿ ಅರ್ತ್ ಕಡಿದಿದ್ದರೂ ಅದು ಮೌನವಾಗಿಯೇ ಇರುತ್ತದೆ.

ಇದೂ ಮೊದಲ ಸಲಕ್ಕೇ ಕೈಗೂಡಲಿಲ್ಲ. ಬಝರ್ ತರುವ ಮೊದಲು, ಕೈಯಲ್ಲಿದ್ದ 21 ವಾಟಿನ ಬಲ್ಬನ್ನೇ ಸೂಚಕವಾಗಿ ಕಟ್ಟಿ, ಪರೀಕ್ಷೆಗೆಂದು ಫೀಡ್ ವೈರನ್ನು ನಾನೇ ಕಳಚಿದೆ. ಸೂಚಕ ಉರಿಯಲಿಲ್ಲ, ಟೇಲ್ ಲೈಟೇ ಚೆನ್ನಾಗಿ ಉರಿಯಿತು! ದೊಡ್ಡ ಬಲ್ಬಿನ ತಣ್ಣನೆಯ ತಂತಿ ಪುಟ್ಟ ಬಲ್ಬಿಗೆ ವೈರಿನಂತೆಯೇ ಕೆಲಸ ಮಾಡಿಬಿಟ್ಟಿತ್ತು. ಬಝರ್ ಕಟ್ಟಿದ ಎರಡನೆಯ ದಿನ ಇನ್ನೊಂದು ಅವಾಂತರವಾಯಿತು. ನಾನು ಎಳೆದಿದ್ದ ಪರೀಕ್ಷಾ ವೈರ್ ಸೀಟಿನ ರೈಲಿಗೆ ಸಿಕ್ಕಿ ಸಿಪ್ಪೆ ಹರಿದು ಬಾಡಿಗೆ ತಾಗಿ ಫ್ಯೂಸ್ ಹೋಯಿತು. ಫ್ಯೂಸ್ ಹೋದರೆ ಬಝರಿಗೂ ಕರೆಂಟ್ ಇಲ್ಲ. ದೀಪ ಆರಿದ್ದರೂ ಬಝರ್ ಮೌನವಾಗಿದ್ದುದನ್ನು ನೋಡಿ ನಕ್ಕವರು ಮತ್ತೊಮ್ಮೆ ನಕ್ಕರು. ಅಂದಿನಿಂದ ಆ ವೈರಿಗೆ ಉದ್ದಕ್ಕೂ ಸ್ಲೀವ್ ತೊಡಿಸಿ, ಬಲ್ಬಿನ ತುದಿಯಲ್ಲಿ ಅರ್ಧ ಆಂಪಿಯರಿನ ಫ್ಯೂಸನ್ನೂ ಸೇರಿಸಿದೆ.

ಐದನೆಯದೋ ಆರನೆಯದೋ ದಿನ ಬಝರ್ ಮೊದಲ ಬಾರಿ ಕೂಗಿತು, ಎರಡು ಸೆಕೆಂಡು ಮಾತ್ರ. ಅಷ್ಟು ಸಂತೋಷದಿಂದ ನಾನು ಯಾವ ದೋಷವನ್ನೂ ಸ್ವಾಗತಿಸಿರಲಿಲ್ಲ. ಮುಂದಿನದು ಅನುಮಾನದ ಭಾಗವನ್ನು ಅರ್ಧ ಅರ್ಧ ಮಾಡುತ್ತಾ ಹೋಗುವ ಕೆಲಸ. ಬಝರಿನ ವೈರುಗಳಲ್ಲಿ ಬಲ್ಬಿನ ಕಡೆಯ ತುದಿಯನ್ನು ಡಿಕ್ಕಿಯ ಬದಿಯ ಕನೆಕ್ಟರಿಗೆ ತಂದೆ, ಮರುದಿನವೂ ಕೂಗಿತು. ಡಿಕ್ಕಿಯ ಕೀಲು, ಹೋಲ್ಡರ್, ಅಸೆಂಬ್ಲಿ ಎಲ್ಲವೂ ನಿರ್ದೋಷಿಗಳಾದವು. ಫ್ಯೂಸಿನ ಕಡೆಯ ತುದಿಯನ್ನು ಮುಂಬಾಗಿಲಿನ ಕಂಬದ ಬುಡದ ಕನೆಕ್ಟರಿಗೆ ತಂದೆ; ಆಗಲೂ ಕೂಗಿತು. ಉಳಿದದ್ದು ಬಾಗಿಲುಗಳ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಕೆಳಗಿನ ಸುಮಾರು ಎರಡು ಮೀಟರ್ ವೈರ್. ವೈರಿನ ಸಿಪ್ಪೆಯನ್ನು ಚುಚ್ಚದೆ ಕನೆಕ್ಟರಿನ ಹಿಂಬದಿಯಿಂದಲೇ ಸಂಪರ್ಕ ತೆಗೆದುಕೊಂಡೆ. ಓಡುವ ಗಾಡಿಯಲ್ಲಿ ಕಳಚದಂತೆ ನಿಲ್ಲುವ ಮೊನೆಯನ್ನು ಯಾವುದರಿಂದ ಮಾಡಿದೆನೆಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಎಲ್‌ಇಡಿ ಬಲ್ಬ್ ಹಾಕಿಯೂ ನೋಡಿದೆ. ತಂತಿಯ ಬಲ್ಬ್ ಬಿಸಿ ಆರುವಷ್ಟರಲ್ಲಿ ಮುಚ್ಚಿಹಾಕುತ್ತಿದ್ದ ಕ್ಷಣಮಾತ್ರದ ಕಡಿತಗಳೂ ಎಲ್‌ಇಡಿಯಲ್ಲಿ ಮಿಣುಕಾಗಿ ಕಾಣುತ್ತವೆ. ಹಾಗೆಂದು ಬಝರಿನ ಪರೀಕ್ಷೆಗೆ ಅದನ್ನು ಬಳಸಬೇಡಿ. ಅದರ ಮೂಲಕ ಬಝರಿಗೆ ಸಾಕಷ್ಟು ಅರ್ತ್ ಸಿಗದೆ ದನಿ ಕ್ಷೀಣವಾಯಿತು. ಒಂದು ಇಡೀ ವಾರ ನಾನು ಅದರಿಂದಲೇ ದಾರಿ ತಪ್ಪಿದೆ.

ಜಾಗ ಗೊತ್ತಾದದ್ದು ಮನೆಯವರು ಹಿಂದಿನ ಸೀಟಿಗೆ ಹತ್ತುವಾಗ. ಹೊಸ್ತಿಲಿನ ಪಟ್ಟಿಯ ಮೇಲೆ ಕಾಲಿಟ್ಟೊಡನೆ ಬಝರ್ ಕಿರುಚಿತು. ಪಟ್ಟಿಯನ್ನು ಮೊಣಕಾಲಿನಿಂದ ಒತ್ತಿದೆ, ಕೂಗಿತು, ಬಿಟ್ಟೆ, ನಿಂತಿತು. ಪಟ್ಟಿ ಬಿಚ್ಚಿ ಹಳೆಯ ಟೇಪ್ ಸುತ್ತನ್ನು ತೆಗೆದಾಗ ಒಳಗೆ ಒತ್ತಿ ಕೂರಿಸುವಂಥ ಒಂದು ನೀಲಿ ಟ್ಯಾಪ್ ಕ್ಲಿಪ್ ಸಿಕ್ಕಿತು. ನನಗಿಂತ ಮೊದಲಿನ ಮಾಲೀಕರ ಕಾಲದಲ್ಲಿ ಯಾವುದೋ ಹೆಚ್ಚುವರಿ ದೀಪಕ್ಕಾಗಿ ಕರೆಂಟ್ ಕದ್ದು, ಬಳಿಕ ದೀಪವನ್ನು ತೆಗೆದು ಕ್ಲಿಪ್ಪನ್ನು ಅಲ್ಲೇ ಬಿಟ್ಟಿದ್ದರು. ಅದರ ಬ್ಲೇಡು 16 ಎಳೆಗಳಲ್ಲಿ ಹೆಚ್ಚಿನವನ್ನು ಕತ್ತರಿಸಿತ್ತು, ಉಳಿದವು ಕಿಲುಬು ಹಿಡಿದಿದ್ದವು. ನಾನು ಎಣಿಸಿದಂತೆ ಎರಡೇ ಎರಡು ಎಳೆಗಳು ಒಂದಕ್ಕೊಂದು ತಾಗಿಕೊಂಡಿದ್ದವು. 5 ವಾಟಿನ ಬಲ್ಬಿಗೆ ಬೇಕಾದ ಅರ್ಧ ಆಂಪಿಯರಿಗೂ ಕಡಿಮೆ ಕರೆಂಟಿಗೆ ಎರಡು ಎಳೆ ಧಾರಾಳವಾಗಿ ಸಾಕು. ಕೆಲವೇ ಮಿಲಿಮೀಟರ್ ಉದ್ದದ ಆ ತೆಳು ಜಾಗ ಕೂಡಿಕೊಂಡಿರುವಾಗ ಮೀಟರಿಗೆ ಕಾಣುವಷ್ಟು ವೋಲ್ಟೇಜನ್ನೂ ಕಳೆಯುವುದಿಲ್ಲ.

ಅಂಗೈ ಅಗಲದಷ್ಟು ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತುಂಡನ್ನು ಕ್ರಿಂಪ್ ಮಾಡಿ, ಅಂದರೆ ಲೋಹದ ಪುಟ್ಟ ಕೊಳವೆಯೊಳಗಿಟ್ಟು ಒತ್ತಿ ಜೋಡಿಸಿ, ಒಳಗೆ ಅಂಟಿನ ಲೇಪವಿದ್ದು ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಸಾಲ್ಡರ್ ಮಾಡದಿದ್ದುದಕ್ಕೆ ಕೆಲವರು ಆಕ್ಷೇಪಿಸಿದರು. ಸಾಲ್ಡರ್ ಎಳೆಗಳೊಳಗೆ ಹರಿದು ವೈರನ್ನು ಕಡ್ಡಿಯಂತೆ ಮಾಡುತ್ತದೆ, ತುಳಿತ ಬೀಳುವ ಜಾಗದಲ್ಲಿ ಆ ಕಡ್ಡಿಯ ಅಂಚಿನಲ್ಲೇ ವೈರ್ ಮತ್ತೆ ಕಡಿಯುತ್ತದೆ; ಈ ಪಾಠವನ್ನು ನಾನು ಹಿಂದೆ ಬಾಗಿಲಿನ ವೈರಿನಲ್ಲಿ ಕಲಿತಿದ್ದೆ.

ಆಮೇಲೆ ಬಝರನ್ನು ಬಿಚ್ಚದೆ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ಓಡಿಸಿದ್ದೇನೆ, ಒಮ್ಮೆಯೂ ದನಿಯಿಲ್ಲ. ಬಲಬದಿಯಲ್ಲೂ ಅಂಥದ್ದೇ ಕ್ಲಿಪ್ ಇರಬಹುದೆಂಬ ಸಂಶಯಕ್ಕೆ ಆ ಕಡೆಯ ಪಟ್ಟಿಯನ್ನೂ ಬಿಚ್ಚಿದೆ. ವೈರ್ ಕಾರ್ಖಾನೆಯಿಂದ ಬಂದಂತೆಯೇ ಇತ್ತು. ಆದರೆ ಒಣಗಿ ಪೆಡಸಾಗಿದ್ದ ಪಟ್ಟಿಯ ಮೂರು ಕೊಕ್ಕೆಗಳು ಮುರಿದವು. ಅವಕ್ಕೆ ಕೊಟ್ಟ ಹಣ ಎರಡು ಬಝರು, ವೈರು, ಸ್ಲೀವ್ ಎಲ್ಲ ಸೇರಿದ್ದಕ್ಕಿಂತಲೂ ಹೆಚ್ಚಾಯಿತು.