ಹತ್ತು ಅಂಕದ ಪ್ರಶ್ನೆಗೆ ಮಯೂರವರ್ಮನನ್ನು ಕರೆಯಬೇಡಿ

ಇತಿಹಾಸದ ಮೇಷ್ಟ್ರಾಗಿ ಇಪ್ಪತ್ತೇಳು ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು. ಕರ್ನಾಟಕ ಏಕೀಕರಣದ ಬಗ್ಗೆ ಏನೇ ಕೇಳಿ, ಅರ್ಧಕ್ಕರ್ಧ ಹುಡುಗರು ಮಯೂರವರ್ಮನಿಂದಲೇ ಹೊರಡುತ್ತಾರೆ. ಚಾಲುಕ್ಯರು, ವಿಜಯನಗರ ಎಲ್ಲ ದಾಟಿ ವಿಷಯಕ್ಕೆ ಬರುವಷ್ಟರಲ್ಲಿ ಎರಡು ಪುಟ ತುಂಬಿರುತ್ತದೆ. ಅಲ್ಲಿಯವರೆಗೆ ನನ್ನ ಕೆಂಪು ಪೆನ್ನಿಗೆ ಕೆಲಸವೇ ಇರುವುದಿಲ್ಲ.

ಮೊದಲು ಪ್ರಶ್ನೆ ಏನು ಮಾಡಿ ಅನ್ನುತ್ತಿದೆ ನೋಡಿ. 'ಹಂತಗಳನ್ನು ವಿವರಿಸಿ' ಅಂದರೆ ಇಸವಿಗಳು ಸಾಲಾಗಿ ಬರಬೇಕು: 1890ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘ, 1915ರಲ್ಲಿ ಸಾಹಿತ್ಯ ಪರಿಷತ್ತು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, 1953ರಲ್ಲಿ ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ ಫಜಲ್ ಅಲಿ ಆಯೋಗ, 1956ರ ನವೆಂಬರ್ 1. 'ಸಂಘಸಂಸ್ಥೆಗಳ ಪಾತ್ರ ಚರ್ಚಿಸಿ' ಅಂದರೂ ಇದೇ ಸಂಘ, ಇದೇ ಪರಿಷತ್ತು. ಆದರೆ ಈಗ ಅವು ಹುಟ್ಟಿದ ಇಸವಿಗಿಂತ ಮಾಡಿದ ಕೆಲಸ ಮುಖ್ಯ.

ನಿಜವಾಗಿ ಎಡವುವುದು 'ಏಕೀಕರಣ ತಡವಾದದ್ದೇಕೆ?' ಅನ್ನುವಲ್ಲಿ. ಬಾಯಿಪಾಠ ಮಾಡಿದ ಇಸವಿಗಳನ್ನೇ ಸುರಿದುಬಿಡುತ್ತಾರೆ. ಇಲ್ಲಿ ಮೊದಲ ವಾಕ್ಯದಲ್ಲೇ ನಿಮ್ಮ ಉತ್ತರ ಹೇಳಿಬಿಡಿ: 'ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು, ದೆಹಲಿಗೆ ಮನಸ್ಸಿರಲಿಲ್ಲ, ಹಳೇ ಮೈಸೂರಿನಲ್ಲೇ ಹಲವರು ಹಿಂಜರಿದರು.' ಆಮೇಲೆ ಒಂದೊಂದಕ್ಕೂ ಒಂದೊಂದು ಪ್ಯಾರಾ. ಹಂಚಿಕೆಗೆ ಮುಂಬೈ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಹೆಸರಿಸಿ. ದೆಹಲಿಗೆ 1948ರ ಧರ್ ಆಯೋಗ, 1949ರಲ್ಲಿ ವರದಿ ಕೊಟ್ಟ ಜೆವಿಪಿ (ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ) ಸಮಿತಿ: ಎರಡೂ ಭಾಷಾವಾರು ರಾಜ್ಯಕ್ಕೆ ಆಗ ಒಪ್ಪಲಿಲ್ಲ. ಮೈಸೂರಿನದು ಹಿಂದುಳಿದ ಪ್ರದೇಶಗಳು ತಮಗೆ ಹೊರೆಯಾದಾವೆಂಬ ಭಯ. ಅಲ್ಲೇ 'ಆದರೂ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಏಕೀಕರಣದ ಪರ ನಿಂತರು' ಎಂದು ಒಂದು ಸಾಲು ಸೇರಿಸಿ. ಎದುರು ಮಾತೂ ಗೊತ್ತಿದೆ ಅನ್ನುವ ಆ ಸಾಲು ಕಂಡರೆ ನಾನು ಒಂದು ಅಂಕ ಜಾಸ್ತಿಯೇ ಹಾಕುತ್ತಿದ್ದೆ.

ಒಬ್ಬ ಹುಡುಗಿ ಆರು ಪುಟ ಬರೆದಿದ್ದಳು, ಮುತ್ತಿನಂಥ ಅಕ್ಷರ. ಅದರಲ್ಲಿ ಕಾರಣ ಅನ್ನುವುದು ಕೊನೇ ಪುಟದ ಮೂರು ಸಾಲು. ನಾಲ್ಕು ಅಂಕ ಕೊಟ್ಟು ಮುಂದಿನ ಬಂಡಲಿಗೆ ಕೈ ಹಾಕಿದೆ. ಬೇಜಾರಂತೂ ಆಯಿತು. ಪಕ್ಕದಲ್ಲಿ ಎರಡೇ ಪುಟದ ಉತ್ತರಕ್ಕೆ ಎಂಟು ಬಿದ್ದಿತ್ತು.

ಮೂರು ಗಂಟೆಗೆ ನೂರು ಅಂಕವಾದರೆ ಹತ್ತಕ್ಕೆ 18 ನಿಮಿಷ. ಮೊದಲ ಮೂರು ನಿಮಿಷ ಕೊನೇ ಪುಟದಲ್ಲಿ ನಾಲ್ಕೈದು ಪದ ಗೀಚಿಕೊಳ್ಳಿ, ಆಮೇಲೆ ಅಡ್ಡಗೆರೆ ಹೊಡೆದು 'ಕಚ್ಚಾ ಕೆಲಸ' ಎಂದು ಬರೆಯಿರಿ. ಬಣ್ಣದ ಪೆನ್ನಿನ ಅಲಂಕಾರ ಬೇಡ. ಇಸವಿ ನೆನಪಾಗದಿದ್ದರೆ ಊಹಿಸಬೇಡಿ, 'ಸ್ವಾತಂತ್ರ್ಯದ ನಂತರ' ಅಂದರೆ ಸಾಕು. ಕೊನೇ ಪ್ರಶ್ನೆಗೆ ಐದೇ ನಿಮಿಷ ಉಳಿದಿದ್ದರೆ ಮೊದಲ ವಾಕ್ಯವನ್ನು ಪೂರ್ತಿ ಬರೆದು, ಉಳಿದದ್ದನ್ನು ಅಂಶಗಳಾಗಿ ಇಳಿಸಿ. ಖಾಲಿ ಹಾಳೆಗೆ ಅಂಕ ಹಾಕಲು ನಮಗೂ ದಾರಿಯಿಲ್ಲ.